ವೀಣೆಯ ಹಿಂದಿನ ಸಾಲು

ರಾಣೆಬೆನ್ನೂರಿನ ಹಳೇ ಪೇಟೆಯಲ್ಲಿ ಸುಭಾಷನ ಟೇಪಿಗೆ ಸಿಗದ ಮೈ ಇರಲಿಲ್ಲ. ಮೂವತ್ತು ವರ್ಷ ಒಂದೇ ಅಂಗಡಿ, ಒಂದೇ ಮಿಶಿನ್ನು. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ಎಷ್ಟು, ತೋಳು ಎಷ್ಟು ಎಂದು ಕಣ್ಣಲ್ಲೇ ಅಳೆದು ಮುಗಿಸಿರುತ್ತಿದ್ದ. ಆಮೇಲೆ ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ. ಯಾವ ಸಾಹುಕಾರನ ಹೊಟ್ಟೆ ಹೋದ ವರ್ಷಕ್ಕಿಂತ ಎರಡಿಂಚು ಮುಂದೆ ಬಂದಿದೆ, ಯಾವ ಮಾಸ್ತರನ ಭುಜ ಇಳಿದಿದೆ ಎಂಬುದೆಲ್ಲ ಅವರ ಮನೆಯವರಿಗಿಂತ ಮೊದಲು ಇವನಿಗೆ ಗೊತ್ತು. ಇಂಥ ಮನುಷ್ಯ ಸ್ವಂತ ಹೆಂಡತಿಯನ್ನು ಗುರುತಿಸದೆ ಹೋದ. ಎರಡೂವರೆ ತಾಸು, ಒಂಬತ್ತು ಕಿಲೋಮೀಟರು, ಬೆನ್ನ ಹಿಂದೆ ನಡೆಯುತ್ತಿದ್ದವಳು ಬೇರೆ ಯಾರೋ ಎಂದು ಅವನಿಗೆ ತಿಳಿಯಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೆ ಕಾರಣಗಳು ಬೇಕಾದಷ್ಟಿವೆ. ಆದರೆ ಅವನು ತನ್ನ ಮೇಲೆ ತಾನೇ ಮಾಡಿಕೊಂಡ ಸಿಟ್ಟಿನ ಮುಂದೆ ನಮ್ಮದು ಏನೂ ಅಲ್ಲ.

ಸುಭಾಷ ಸಿಂಪಿ ಮನೆತನದವನು. ಆ ಮನೆಗಳಲ್ಲಿ ಸೂಜಿ ಎಷ್ಟು ಹಳೆಯದೋ ಪಂಢರಪುರಕ್ಕೆ ನಡೆದುಹೋಗುವ ವಾರಿಯೂ ಅಷ್ಟೇ ಹಳೆಯದು. ಕಾರಹುಣ್ಣಿಮೆ ಕಳೆದು ವಾರಕ್ಕೆ ಊರಿನ ವಿಠ್ಠಲ ಗುಡಿಯಿಂದ ದಿಂಡಿ ಹೊರಡುತ್ತದೆ. ನಲವತ್ತೋ ಐವತ್ತೋ ಜನ ಸಾಲು ಕಟ್ಟಿ, ತಾಳ ಬಾರಿಸುತ್ತ, ಅಭಂಗ ಹೇಳುತ್ತ ಹತ್ತೊಂಬತ್ತು ದಿನ ನಡೆದರೆ ಆಷಾಢ ಏಕಾದಶಿಗೆ ವಿಠ್ಠಲನ ಬಾಗಿಲು. ಬಿಸಿಲು ಕಾಲ, ಚಳಿಗಾಲ ಎಲ್ಲ ಬಿಟ್ಟು ಸರಿಯಾಗಿ ಮಳೆ ಹಿಡಿಯುವ ಹೊತ್ತಿಗೇ ಈ ದೇವರಿಗೆ ಭಕ್ತರು ಬೇಕು. ನೆನೆಯುತ್ತಲೇ ಹೋಗಬೇಕು, ನೆನೆಯುತ್ತಲೇ ಮಲಗಬೇಕು. ಹಾಗಿದ್ದೂ ಒಮ್ಮೆ ಹೋದವರು ಬಿಡುವುದಿಲ್ಲ. ಸುಭಾಷ ಇಪ್ಪತ್ತೆರಡು ವರ್ಷ ಬಿಟ್ಟಿರಲಿಲ್ಲ.

ದಿಂಡಿಯ ಸಾಲಿಗೊಂದು ಕಟ್ಟುಪಾಡು ಇದೆ. ಎಲ್ಲರ ಮುಂದೆ ಪತಾಕೆ, ಅದರ ಹಿಂದೆ ತಾಳದವರು, ಮೃದಂಗದವನು. ಅವರ ಹಿಂದೆ ವೀಣೆ. ವೀಣೆ ಹಿಡಿದವನ ಬೆನ್ನಿಗೇ ಹೆಂಗಸರ ಸಾಲು, ಆ ಸಾಲಿನ ಮೊದಲನೆಯವಳ ತಲೆಯ ಮೇಲೆ ಹಿತ್ತಾಳೆಯ ಪುಟ್ಟ ತುಳಸಿ ಕಟ್ಟೆ. ತುಳಸಿಯನ್ನು ಹೆಂಗಸರು ಸುಸ್ತಾದಾಗ ತಲೆಯಿಂದ ತಲೆಗೆ ಬದಲಾಯಿಸಿಕೊಳ್ಳಬಹುದು. ವೀಣೆಯ ವಿಷಯ ಹಾಗಲ್ಲ. ಬೆಳಿಗ್ಗೆ ಒಬ್ಬನ ಕೊರಳಿಗೆ ಬಿತ್ತೆಂದರೆ ಬಿಡಾರ ಮುಟ್ಟುವ ತನಕ ಅದು ಅವನದೇ. ನೆಲಕ್ಕೆ ಇಡುವಂತಿಲ್ಲ, ಗೋಡೆಗೆ ಆನಿಸುವಂತಿಲ್ಲ. ಕೊರಳಿಂದ ಕೊರಳಿಗೇ ಹೋಗಬೇಕು, ತುಳಸಿ ಮಾಲೆ ಹಾಕಿಕೊಂಡು ವ್ರತ ಹಿಡಿದವನೇ ಪಡೆಯಬೇಕು, ಕೊಡುವವನೂ ಪಡೆಯುವವನೂ ಒಬ್ಬರ ಕಾಲನ್ನೊಬ್ಬರು ಮುಟ್ಟಬೇಕು. ಸುಭಾಷ ಇಪ್ಪತ್ತೆರಡು ವರ್ಷ ತಾಳ ಹಿಡಿದು, ಓರೆಗಣ್ಣಿನಲ್ಲಿ ಆ ವೀಣೆಯನ್ನೇ ನೋಡುತ್ತ ನಡೆದವನು.

ಇನ್ನು ಅವನ ಹೆಂಡತಿ. ಮಂಗಳವ್ವ ಬ್ಯಾಡಗಿಯ ಮಗಳು. ಬ್ಯಾಡಗಿ ಹೆಣ್ಣೆಂದರೆ ಖಾರ ಇರುತ್ತಾಳೆ ಎಂದು ಮದುವೆಯಲ್ಲಿ ಬೀಗರು ಚೇಷ್ಟೆ ಮಾಡಿದ್ದರಂತೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬುದನ್ನು ಮರೆತು ಆಡಿದ ಮಾತು. ಅವಳು ಮಾತಿಗಿಂತ ಕೈಯನ್ನು ಹೆಚ್ಚು ಆಡಿಸುವವಳು. ಗಂಡ ಕತ್ತರಿಸಿ ಹೊಲಿದರೆ ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಅಂಚು ಮಡಿಚಿ ಕೈಹೊಲಿಗೆ ಹಾಕುವುದು ಅವಳ ಪಾಲು. ಪೇಟೆಯ ಅರ್ಧ ಗಂಡಸರ ಎದೆಯ ಮೇಲಿನ ಗುಂಡಿ ಅವಳು ಹಚ್ಚಿದ್ದು.

ಜೂನ್ ಬಂತೆಂದರೆ ದರ್ಜಿಗೆ ಉಸಿರಾಡಲು ಪುರಸೊತ್ತಿರುವುದಿಲ್ಲ. ಸಾಲಿ ಶುರುವಾಗುತ್ತದೆ, ಮಕ್ಕಳ ಯುನಿಫಾರ್ಮು ರಾಶಿ ಬೀಳುತ್ತದೆ. ದಿಂಡಿ ಹೊರಡುವುದೂ ಅದೇ ಹೊತ್ತಿಗೆ. ಸುಭಾಷ ಇಪ್ಪತ್ತೆರಡು ವರ್ಷವೂ ಬಟ್ಟೆ ಕತ್ತರಿಸಿ ಗಂಟು ಕಟ್ಟಿಟ್ಟು, ಇಷ್ಟು ಹೊಲಿದು ಕೊಟ್ಟುಬಿಡು ಎಂದು ಹೆಂಡತಿಗೆ ಹೇಳಿ, ತಾಳ ಹಿಡಿದು ಹೊರಟುಬಿಡುತ್ತಿದ್ದ. ದಾರಿಯಲ್ಲಿ ಯಾರ ಕಾಲಿಗೆ ಬೊಬ್ಬೆ ಬಂದರೂ ಎಣ್ಣೆ ಹಚ್ಚುವವನು ಇವನೇ, ಮುದುಕರ ಗಂಟು ಹೊರುವವನು ಇವನೇ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮಂಗಳವ್ವ ಮಿಶಿನ್ನು ತುಳಿದು ತುಳಿದು ಯುನಿಫಾರ್ಮು ಮುಗಿಸುತ್ತಿದ್ದಳು. ವಾರಿ ಮುಗಿಸಿ ಬಂದ ಗಂಡನ ಕಾಲು ತೊಳೆದು ಆ ನೀರು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ನಾನೂ ಬರಲೇ ಎಂದು ಒಂದು ವರ್ಷವೂ ಕೇಳಿರಲಿಲ್ಲ. ಬರ್ತೀಯೇನು ಎಂದು ಅವನೂ ಕೇಳಿರಲಿಲ್ಲ.

ಎರಡು ಸಾವಿರದ ಐದನೇ ಇಸವಿಯ ಜೂನಿನಲ್ಲಿ ಗಂಟುಗಳು ಬರಲಿಲ್ಲ. ಸಾಲಿಗಳಿಗೆ ರೆಡಿಮೇಡ್ ಯುನಿಫಾರ್ಮು ಲಾರಿಯಲ್ಲಿ ಬಂದು ಇಳಿದಿತ್ತು. ಸುಭಾಷ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದಾಗ ಮಂಗಳವ್ವ ಒಳಗಿನಿಂದ ಬಂದು, ಈ ವರ್ಷ ತನಗೆ ಕೆಲಸವಿಲ್ಲ, ತಾನೂ ನಡೆಯುತ್ತೇನೆ ಎಂದಳು. ಅದೇ ವಾರ ದಿಂಡಿಯ ಮುಖಂಡ, ಬೀಜದ ಅಂಗಡಿಯ ಸೋಮಣ್ಣ, ಇನ್ನೊಂದು ಸುದ್ದಿ ತಂದ. ವೀಣೆ ಹಿಡಿಯುತ್ತಿದ್ದ ಹಿರಿಯರಿಗೆ ಮೊಣಕಾಲು ಹೋಗಿದೆ. ಇನ್ನು ಮುಂದೆ ವೀಣೆ ಸುಭಾಷನದು. ಹೆಂಡತಿಯೂ ಬರುತ್ತಾಳೆಂದರೆ ತುಳಸಿ ಅವಳ ತಲೆಗೆ. ಗಂಡನ ಕೊರಳಲ್ಲಿ ವೀಣೆ, ಹೆಂಡತಿಯ ತಲೆಯ ಮೇಲೆ ತುಳಸಿ, ಜೋಡಿಯಾಗಿ ಪಂಢರಪುರ ಮುಟ್ಟುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ ಎಂದ ಸೋಮಣ್ಣ. ಸುಭಾಷನಿಗೆ ಆಮೇಲೆ ಊಟ ರುಚಿಸಲಿಲ್ಲ, ಸಂತೋಷಕ್ಕೆ.

ಮಂಗಳವ್ವನಿಗೆ ಆ ಬೇಸಿಗೆಯಿಂದ ಉಸಿರು ಸಾಲುತ್ತಿರಲಿಲ್ಲ. ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಂತು ಗೋಡೆ ಹಿಡಿಯುತ್ತಿದ್ದಳು. ಸುಭಾಷ ಇದನ್ನು ನೋಡಿದ್ದ. ನೋಡಿರಲಿಲ್ಲ ಎಂದು ಅವನು ಯಾವತ್ತೂ ಸುಳ್ಳು ಹೇಳಲಿಲ್ಲ. ವಯಸ್ಸಾಯಿತು, ಕೂತು ಕೂತು ಮೈ ಜಡ್ಡುಗಟ್ಟಿದೆ, ನಡೆದರೆ ಸರಿಹೋಗುತ್ತದೆ ಎಂದುಕೊಂಡ. ಅವನಿಗೆ ಬೆನ್ನ ಹಿಂದೆ ಅವಳು ಬೇಕಾಗಿತ್ತು. ಬೇಕಾದದ್ದನ್ನು ನಂಬಿಕೊಳ್ಳುವುದು ಮನುಷ್ಯನಿಗೆ ಎಷ್ಟು ಸಲೀಸು.

ಹೊರಡುವ ಮುಂಚೆ ಅವನು ಹೆಂಗಸರಿಗೆಲ್ಲ ಮಳೆಯ ಕೊಪ್ಪೆ ಹೊಲಿದ. ನೀಲಿ ಪ್ಲಾಸ್ಟಿಕ್ ಹಾಳೆ ತಂದು, ನೆತ್ತಿಯಿಂದ ಮೊಣಕಾಲಿನವರೆಗೆ ಬರುವಂಥ, ದಾರಿಯಲ್ಲಿ ಸೇರುವವರಿಗೂ ಹಿಡಿದು ಹತ್ತೊಂಬತ್ತು ಕೊಪ್ಪೆ. ಎಲ್ಲಕ್ಕೂ ಒಂದೇ ಅಳತೆ, ಒಂದೇ ಬಣ್ಣ. ಬೇರೆ ಬೇರೆ ಅಳತೆ ಹಿಡಿಯಲು ಹೊತ್ತಿರಲಿಲ್ಲ, ಮಳೆಗೆ ಅಳತೆ ಯಾಕೆ ಎಂದೂ ಅನಿಸಿತ್ತು. ಮಂಗಳವ್ವ ಕೂತು ಎಲ್ಲಕ್ಕೂ ಗದ್ದದ ಕೆಳಗೆ ಕಟ್ಟುವ ಲಾಡಿ ಹಚ್ಚಿದಳು.

ಮೊದಲ ದಿನ ಕಾಕೋಳದ ಮೇಲೆ ಹಾದು ಬ್ಯಾಡಗಿಗೆ. ಜಿಟಿಜಿಟಿ ಮಳೆ, ಎರೆ ಹೊಲಗಳ ಕೆಸರು ಕಾಲಿಗೆ ಅಂಟಿ ಅಂಟಿ ಮೆಟ್ಟಿನಂತೆ ದಪ್ಪಗಾಗುತ್ತಿತ್ತು. ಸುಭಾಷ ಬರಿಗಾಲಿನಲ್ಲಿ ನಡೆದ. ತಂತಿ ಮೀಟುತ್ತ, ವಿಠ್ಠಲ ವಿಠ್ಠಲ ಎನ್ನುತ್ತ ನಡೆಯುವಾಗ ಹಿಂದಿನಿಂದ ಹೆಂಡತಿಯ ದನಿ ಬರುತ್ತಿತ್ತು. ಅವಳು ಹಾಡುತ್ತಾಳೆಂಬುದೇ ಅವನಿಗೆ ಗೊತ್ತಿರಲಿಲ್ಲ. ಸಣ್ಣ ದನಿ, ಸಾಲಿನ ಕೊನೆಯಲ್ಲಿ ಸ್ವಲ್ಪ ಒಡೆಯುತ್ತಿತ್ತು. ಇಷ್ಟು ವರ್ಷ ಮಿಶಿನ್ನಿನ ಸದ್ದಿನಲ್ಲಿ ಆ ದನಿ ಎಲ್ಲಿತ್ತೋ ಎಂದು ಅವನು ದಾರಿಯುದ್ದಕ್ಕೂ ಯೋಚಿಸಿದ. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಸುಖವಾದ ದಿನ ಇನ್ನೊಂದಿರಲಿಲ್ಲ ಎಂದು ಮುಂದೆ ಎಷ್ಟೋ ಸಲ ಹೇಳಿದ್ದಾನೆ.

ಸಂಜೆ ಬ್ಯಾಡಗಿಯ ಗುಡಿಯಲ್ಲಿ ಬಿಡಾರ. ಬಿಡಾರ ಮುಟ್ಟಿದ ಮೇಲೆ ದಿಂಡಿಯವರು ಒಬ್ಬರ ಕಾಲಿಗೊಬ್ಬರು ಬೀಳುತ್ತಾರೆ. ಹಿರಿಯ ಕಿರಿಯ, ಗಂಡು ಹೆಣ್ಣು, ಸಾಹುಕಾರ ಕೂಲಿ ಎಂಬುದಿಲ್ಲ, ಎಲ್ಲರೂ ಎಲ್ಲರಿಗೂ. ವೀಣೆಯನ್ನು ಸೋಮಣ್ಣನ ಕೊರಳಿಗೆ ಕೊಟ್ಟ ಸುಭಾಷ ಸಾಲಿನಲ್ಲಿ ಬಾಗುತ್ತ ಬಾಗುತ್ತ ಹೆಂಡತಿಯ ಎದುರಿಗೆ ಬಂದ. ಮಂಗಳವ್ವ ಬೆಚ್ಚಿ ಹಿಂದೆ ಸರಿದಳು, ಹೆಂಗಸರು ನಕ್ಕರು. ವಾರಿಯಲ್ಲಿ ಗಂಡನಿಲ್ಲ ಹೆಂಡತಿಯಿಲ್ಲ ಎಂದು ಸೋಮಣ್ಣ ಹೇಳಿದ ಮೇಲೆ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತಳು. ಸುಭಾಷ ಎರಡೂ ಕೈಯಿಂದ ಅವಳ ಪಾದ ಮುಟ್ಟಿದ. ಪಾದ ಬಾತುಕೊಂಡಿತ್ತು. ಅವನ ಹೆಬ್ಬೆರಳು ಒತ್ತಿದಲ್ಲಿ ಒಂದು ಗುಳಿ ಬಿದ್ದು ಹಾಗೇ ಉಳಿಯಿತು, ಮೇಲೇಳಲಿಲ್ಲ. ಆಮೇಲೆ ಕೇಳಿದ್ದಕ್ಕೆ, ರೂಢಿಯಿಲ್ಲ, ನಡೆದದ್ದಕ್ಕೆ ಹಾಗಾಗಿದೆ ಎಂದಳು. ಇವನು ಎಣ್ಣೆ ಬಿಸಿ ಮಾಡಿ ತಂದು ಕೊಟ್ಟ.

ಎರಡನೆಯ ದಿನ ಮೋಟೆಬೆನ್ನೂರಿಗೆ ಬಂದು ಹೆದ್ದಾರಿ ಹಿಡಿದರು. ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಾಲ ಅದು. ಅರ್ಧ ರಸ್ತೆ ಅಗೆದು, ಅರ್ಧ ರಸ್ತೆಯಲ್ಲಿ ಲಾರಿಗಳು ರಾಡಿ ಎರಚುತ್ತ ಹೋಗುತ್ತಿದ್ದವು. ಹಾವೇರಿ ಮುಟ್ಟಿದಾಗ ಎಲ್ಲರೂ ಕೆಂಪು ಮಣ್ಣಿನ ಗೊಂಬೆಗಳಾಗಿದ್ದರು. ಮಗಳು ಜ್ಯೋತಿಲಕ್ಷ್ಮಿಯನ್ನು ಕೊಟ್ಟದ್ದು ಹಾವೇರಿಗೇ. ಅವಳು ಬಿಡಾರಕ್ಕೆ ಬಂದು ಅಪ್ಪ ಅವ್ವ ಇಬ್ಬರನ್ನೂ ಮನೆಗೆ ಕರೆದುಕೊಂಡು ಹೋದಳು, ಬಿಸಿನೀರು ಕೊಟ್ಟಳು. ಅವ್ವನ ಸೀರೆಯ ಅಂಚು ಎತ್ತಿ ನೋಡಿದಾಗ ಬಾವು ಮೀನಖಂಡದವರೆಗೆ ಏರಿತ್ತು. ಅಡುಗೆಮನೆಗೆ ಅಪ್ಪನನ್ನು ಕರೆದು ಹೇಳಿದಳು.

“ಅಪ್ಪಾ, ಅವ್ವನ್ನ ಇಲ್ಲೇ ಬಿಟ್ಟು ಹೋಗು. ನಾಳೆ ನಾ ದವಾಖಾನಿಗೆ ತೋರಸ್ತೇನಿ. ಆಕಿ ಕುಂತಾಗ್ಲೂ ತೇಕಾಕತ್ತಾಳ, ನಿನಗ ಕಾಣವಲ್ದೇನು?”

ಸುಭಾಷ ಹೊರಗಿನ ಕೋಣೆಯ ಕಡೆ ನೋಡಿದ. ಮಂಗಳವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಭಂಗ ಕಲಿಸುತ್ತಿದ್ದಳು. ಅವಳನ್ನೇ ಕೇಳು ಎಂದ. ಕೇಳಿದರೆ ಅವಳು ಏನೆನ್ನುತ್ತಾಳೆಂದು ಅವನಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಬಾಯಿ ಬಿಡದವಳು ಅವತ್ತು ಮಗಳಿಗೆ ಖಡಾಖಂಡಿತ ಹೇಳಿದಳು: ನಾಳೆಯ ಬಿಡಾರ ಬಂಕಾಪುರದವರೆಗೆ ನಡೆಯುತ್ತೇನೆ, ಆಗದಿದ್ದರೆ ಅಲ್ಲಿಂದ ಬಸ್ಸು ಹತ್ತಿ ನಿನ್ನ ಮನೆಗೇ ಬರುತ್ತೇನೆ.

“ಇನ್ನೊಂದ ದಿನ ನೋಡೂಣು,” ಎಂದ ಸುಭಾಷ.

ಜ್ಯೋತಿಲಕ್ಷ್ಮಿ ಆ ಮಾತನ್ನು ಕ್ಷಮಿಸಲಿಲ್ಲ. ಅವನು ಬೇಡ ಎಂದಿದ್ದರೆ ಮಂಗಳವ್ವ ನಿಲ್ಲುತ್ತಿದ್ದಳು. ಗಂಡನ ಮಾತು ಮೀರಿದವಳಲ್ಲ. ಬೇಡ ಎಂಬ ಎರಡಕ್ಷರ ಅವನ ಬಾಯಿಗೆ ಬಂದಿತ್ತೆಂದೂ, ವೀಣೆಯ ಹಿಂದೆ ಬೇರೆ ಯಾರೋ ತುಳಸಿ ಹೊತ್ತು ನಡೆಯುವುದನ್ನು ನೆನೆಸಿಕೊಂಡು ನುಂಗಿಬಿಟ್ಟೆನೆಂದೂ ಅವನೇ ಹೇಳಿದ್ದಾನೆ.

ಮೂರನೆಯ ದಿನ ಬೆಳಿಗ್ಗೆ ಹಾವೇರಿ ಬಿಡುವಾಗಲೇ ಮಳೆ ಜೋರು ಹಿಡಿಯಿತು. ಮುಂದಿನ ಪತಾಕೆ ಹಿಂದಿನವರಿಗೆ ಕಾಣುತ್ತಿರಲಿಲ್ಲ. ಸುಭಾಷ ವೀಣೆಯ ಮೇಲೆ ಪ್ಲಾಸ್ಟಿಕ್ ಹೊದಿಸಿ, ತಾನು ಪೂರ್ತಿ ನೆನೆಯುತ್ತ ನಡೆದ. ಹೆಂಗಸರೆಲ್ಲ ನೀಲಿ ಕೊಪ್ಪೆಯೊಳಗೆ ಸೇರಿದ್ದರು. ಮುಖ ಕಾಣದು, ಸೀರೆ ಕಾಣದು. ಮೊಣಕಾಲಿನ ಕೆಳಗೆ ಎಲ್ಲರದೂ ಒಂದೇ ಬಣ್ಣದ ರಾಡಿ.

ಹಾವೇರಿ ದಾಟಿ ಎಂಟು ಕಿಲೋಮೀಟರಿಗೆ ಒಂದು ಸೇತುವೆಯ ಕೆಲಸ ನಡೆದಿತ್ತು. ರಸ್ತೆಯನ್ನು ಪಕ್ಕದ ಹೊಲಕ್ಕೆ ಇಳಿಸಿ, ಮತ್ತೆ ಮೇಲೆ ಹತ್ತಿಸಿದ್ದರು. ಆ ಏರು ಹತ್ತುವ ಮೊದಲು ಮಂಗಳವ್ವ ನಿಂತಳು. ಅವಳ ಹಿಂದಿದ್ದವಳು ನಿರ್ಮಲಾ, ಬ್ಯಾಡಗಿಯಲ್ಲಿ ಸೇರಿಕೊಂಡಿದ್ದ ಸಣ್ಣ ವಯಸ್ಸಿನ ಹೆಣ್ಣುಮಗಳು. ಮಂಗಳವ್ವ ತುಳಸಿಯನ್ನು ಅವಳ ತಲೆಗೆ ದಾಟಿಸಿ, ತನಗೆ ಎದೆ ಹಿಡಿದಂತಾಗಿದೆ, ಇಲ್ಲೇ ಕೂತಿರುತ್ತೇನೆ, ಹಿಂದೆ ಸಾಮಾನಿನ ಟೆಂಪೊ ಬರುತ್ತದಲ್ಲ, ಅದರಲ್ಲಿ ಬರುತ್ತೇನೆ ಎಂದಳು. ಆಮೇಲೆ ನಿರ್ಮಲಾಳ ಕೈ ಹಿಡಿದಳು.

“ಅವರಿಗೆ ಹೇಳಬ್ಯಾಡವಾ. ಕೊರಳಾಗ ವೀಣಾ ಐತಿ. ತಿಳಿದ್ರ ಜೀವ ಅಳ್ಳಕ ಆಗತೈತಿ.”

ನಿರ್ಮಲಾ ಹೂಂ ಎಂದಳು. ಹಿರಿಯಳ ಮಾತು, ಟೆಂಪೊ ಹೇಗೂ ಬರುತ್ತದೆ. ಮಳೆಗೆ ತಲೆ ತಗ್ಗಿಸಿ ನಡೆಯುತ್ತಿದ್ದ ಹಿಂದಿನ ಹೆಂಗಸರು, ಪಕ್ಕಕ್ಕೆ ಸರಿದ ನೀಲಿ ಕೊಪ್ಪೆ ಯಾರದೆಂದು ನೋಡದೆ ದಾಟಿಹೋದರು. ಆದರೆ ಅವತ್ತು ಒಲೆ ಹಚ್ಚಲು ಒಣ ಜಾಗ ಹುಡುಕಬೇಕೆಂದು ಟೆಂಪೊ ನಸುಕಿನಲ್ಲೇ ಮುಂದೆ ಹೋಗಿತ್ತು. ಅದು ಅಡುಗೆಯವರಿಗೆ ಗೊತ್ತಿತ್ತು, ಗಂಡಸರಿಗೆ ಗೊತ್ತಿತ್ತು. ಮೊದಲ ಸಲ ಬಂದ ಈ ಇಬ್ಬರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಸುಭಾಷ ಏರು ಹತ್ತಿ ಒಮ್ಮೆ ತಿರುಗಿ ನೋಡಿದ. ನೀಲಿ ಕೊಪ್ಪೆ, ಅದರ ಮೇಲೆ ಹಿತ್ತಾಳೆಯ ತುಳಸಿ. ಇದ್ದಾಳೆ ಎಂದುಕೊಂಡು ಮುಂದೆ ನಡೆದ. ಆಮೇಲೆ ಇನ್ನೆರಡು ಸಲ ನೋಡಿದ. ಎರಡು ಸಲವೂ ತುಳಸಿ ಇತ್ತು. ಹೆಂಗಸರ ದನಿಯೆಲ್ಲ ಮಳೆಯಲ್ಲಿ ಕಲಸಿಹೋಗಿ, ಸಣ್ಣ ದನಿಯೊಂದು ಅದರಲ್ಲಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಇದೆ ಎಂದೇ ಅವನಿಗೆ ಕೇಳಿಸಿತು.

ಮುಂದೊಂದು ಕಡೆ ಕಂಕರು ಹರಡಿದ್ದ ರಸ್ತೆ ಬಂತು. ಬರಿಗಾಲಿಗೆ ಕಲ್ಲು ಚುಚ್ಚಿದಾಗ ಅವನಿಗೆ ಹಿಂದಿನ ದಿನ ಮಗಳು ಹೇಳಿದ್ದು ನೆನಪಾಯಿತು. ಹೆಂಡತಿಯ ಬಾತ ಕಾಲು ನೆನಪಾಯಿತು. ವೀಣೆ ಹಿಡಿದವನು ನಿಲ್ಲಬಾರದು, ಸಾಲು ಮುರಿಯುತ್ತದೆ. ಅದಕ್ಕೆ ತಿರುಗದೆಯೇ ಕೇಳಿದ.

“ಮಂಗಳಾ, ಕಾಲು ಭಾಳ ನೋಯಾಕತ್ತಾವೇನು? ಇಷ್ಟ ವರ್ಷ ನಿನ್ನ ಬಿಟ್ಟು ಬಂದೆ ನೋಡು, ತಪ್ಪಾತು ನಂದು.”

ಮೂವತ್ತು ವರ್ಷದಲ್ಲಿ ಅವನು ಹೆಂಡತಿಗೆ ಹೇಳಿದ ಅತ್ಯಂತ ದೊಡ್ಡ ಮಾತು ಅದು. ಎದುರು ಮುಖ ಇದ್ದಿದ್ದರೆ ಬಾಯಿಂದ ಬರುತ್ತಲೇ ಇರಲಿಲ್ಲ. ಮಳೆ, ಬೆನ್ನು ತಿರುಗಿಸಿದ ನಡಿಗೆ, ಕೊರಳ ವೀಣೆ ಎಲ್ಲ ಸೇರಿ ಧೈರ್ಯ ಕೊಟ್ಟವು. ಹಿಂದೆ ನಿರ್ಮಲಾ ಆ ಮಾತು ಕೇಳಿ ಕಂಗಾಲಾದಳು. ಹೇಳಬೇಡ ಎಂದವಳಿಗೆ ಮಾತು ಕೊಟ್ಟಿದ್ದಳು. ಏನೂ ತೋಚದೆ, ವಿಠ್ಠಲ ವಿಠ್ಠಲ ಎಂದು ದನಿ ಏರಿಸಿದಳು. ಸುಭಾಷ ಅದನ್ನೇ ಹೆಂಡತಿಯ ಉತ್ತರವೆಂದು ತಿಳಿದ. ಅತ್ತನಂತೆ. ಮಳೆಯಲ್ಲಿ ಯಾರಿಗೂ ಕಾಣುವುದಿಲ್ಲವೆಂದು ಕಣ್ಣೊರೆಸಿಕೊಳ್ಳದೆ, ಖುಷಿಯಿಂದ ಅತ್ತುಕೊಂಡು ಒಂದು ಹರದಾರಿ ನಡೆದನಂತೆ.

ಮಧ್ಯಾಹ್ನದ ಊಟಕ್ಕೆ ದಾರಿಯ ಹಳ್ಳಿಯ ಸಾಲಿಯಲ್ಲಿ ಬಿಡಾರ. ಪಡಸಾಲೆಗೆ ಹತ್ತಿ ಹೆಂಗಸರು ಕೊಪ್ಪೆ ಕಳಚಿದರು. ತುಳಸಿ ಇಳಿಸಿ ಲಾಡಿ ಬಿಚ್ಚಿದವಳ ಮುಖ ನೋಡಿದ ಸುಭಾಷನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಇವಳು ಇಲ್ಲೇಕೆ ಎಂದು ನೋಡಿದ. ನಿರ್ಮಲಾ ಟೆಂಪೊದ ಕಡೆ ನೋಡಿದಳು. ಟೆಂಪೊ ಅಂಗಳದ ಕೆಸರಿನಲ್ಲಿ ಗಾಲಿ ಹೂತು ಬೆಳಗಿನಿಂದ ನಿಂತಿತ್ತು, ಪಾತ್ರೆ ಇಳಿಸಿ, ಅನ್ನ ಆಗಿ, ಹೊಗೆ ಆರುತ್ತಿತ್ತು. ಅವಳು ಅಲ್ಲೇ ಕುಸಿದು ಕೂತು ಇದ್ದದ್ದನ್ನೆಲ್ಲ ಹೇಳಿದಳು.

ಆಮೇಲೆ ನಡೆದದ್ದನ್ನು ಹೇಳಲು ಬಾಯಿ ಬಾರದು. ಸುಭಾಷನ ಕೊರಳಲ್ಲಿ ವೀಣೆ ಇತ್ತು. ಅದನ್ನು ಪಡೆಯಬೇಕಾದವನು ಸೋಮಣ್ಣ, ದಿಂಡಿಯಲ್ಲಿ ವ್ರತ ಹಿಡಿದಿದ್ದ ಇನ್ನೊಬ್ಬ ಅವನೊಬ್ಬನೇ. ಅವನು ಮಳೆ ನಿಲ್ಲದಿದ್ದರೆ ರಾತ್ರಿಗೂ ಅಲ್ಲೇ ಉಳಿಯುವ ಮಾತಾಡಲು ಊರ ಗೌಡರ ಮನೆಗೆ ಹೋಗಿದ್ದ. ಮೃದಂಗದವನು ಮುಂದೆ ಬಂದು ಹಿಂದೆ ಸರಿದ, ಅವನಿಗೆ ಮಾಲೆಯಿರಲಿಲ್ಲ. ಯಾರೋ ಸೋಮಣ್ಣನನ್ನು ಕರೆಯಲು ಓಡಿದರು. ಸುಭಾಷ ಅಂಗಳದಲ್ಲಿ, ಮಳೆಯಲ್ಲಿ, ವೀಣೆಯನ್ನು ಎರಡೂ ಕೈಯಿಂದ ಎದೆಗೆ ಹಿಡಿದುಕೊಂಡು ರಸ್ತೆಯ ಕಡೆ ನೋಡುತ್ತ ನಿಂತ. ಸಾಲಿಯ ಬೆಂಚಿನ ಮೇಲೆ ಇಟ್ಟು ಓಡಿದ್ದರೆ ಆಕಾಶ ಕಳಚಿ ಬೀಳುತ್ತಿತ್ತೇ? ವಿಠ್ಠಲ ಬೇಡ ಎನ್ನುತ್ತಿದ್ದನೇ? ಕೇಳುವುದು ಸುಲಭ. ಇಪ್ಪತ್ತೆರಡು ವರ್ಷ ಕಾದು ಪಡೆದದ್ದನ್ನು ನೆಲಕ್ಕಿಡಲು ಅವನ ಕೈ ಏಳಲಿಲ್ಲ, ಅಷ್ಟೆ. ಸೋಮಣ್ಣ ಬಂದ, ಕಾಲು ತೊಳೆದ, ಬಾಗಿದ, ಇವನೂ ಬಾಗಿದ, ವೀಣೆ ಕೊರಳು ಬದಲಿಸಿತು. ಹತ್ತು ಹದಿನೈದು ನಿಮಿಷ ಹಿಡಿಯಿತು.

ಹಾಲಿನವನೊಬ್ಬನ ಬೈಕಿನ ಹಿಂದೆ ಕೂತು ಸುಭಾಷ ಆ ಸೇತುವೆಯ ಹತ್ತಿರ ಬಂದ. ಇಳಿಜಾರಿನ ಮಗ್ಗುಲಲ್ಲಿ ರಸ್ತೆ ಕೆಲಸದವರಿಗೆ ಚಾ ಮಾರುವ ಒಂದು ತಗಡಿನ ಅಂಗಡಿ. ಅದು ಸಕೀನಾಬಿ ಎಂಬ ಹೆಂಗಸಿನದು. ಒಳಗೆ ಗೋಣಿಚೀಲದ ಮೇಲೆ ಮಂಗಳವ್ವ ಮಲಗಿದ್ದಳು, ತಲೆ ಸಕೀನಾಬಿಯ ತೊಡೆಯ ಮೇಲೆ. ಒದ್ದೆ ಕೊಪ್ಪೆ ತೆಗೆದು, ತನ್ನ ಒಣ ಸೀರೆಯನ್ನು ಸಕೀನಾಬಿ ಅವಳಿಗೆ ಹೊದಿಸಿದ್ದಳು. ಜೀವ ಹೋಗಿತ್ತು.

ಸಕೀನಾಬಿ ಇದ್ದದ್ದನ್ನು ಹೇಳಿದಳು. ಹೊರಗೆ ಮಳೆಯಲ್ಲಿ ಕೂತವಳನ್ನು ತಾನೇ ಒಳಗೆ ಕರೆತಂದದ್ದು. ಚಾ ಕೊಟ್ಟದ್ದು. ಉಸಿರು ಎಳೆಯಲು ಶುರುವಾದಾಗ ಎರಡು ಲಾರಿಗೆ ಕೈ ಮಾಡಿದ್ದು, ಆ ರಾಡಿಯಲ್ಲಿ ಯಾರೂ ನಿಲ್ಲಿಸದೆ ಹೋದದ್ದು. ಒಂದು ಸೈಕಲ್ಲಿನವನ ಕೈಯಲ್ಲಿ ದಿಂಡಿಗೆ ಸುದ್ದಿ ಕಳಿಸುತ್ತೇನೆ ಎಂದರೆ ಮಂಗಳವ್ವ ಸೆರಗು ಹಿಡಿದು ಬಿಡಲಿಲ್ಲವಂತೆ. ಅವರು ಬಿಡಾರ ಮುಟ್ಟಲಿ, ವೀಣೆ ಇಳಿಯಲಿ, ಆಮೇಲೆ ತಾವೇ ಬರುತ್ತಾರೆ ಎಂದಳಂತೆ. ಸುಭಾಷ ಕೆಸರಿನಲ್ಲಿ ಕುಕ್ಕರಿಸಿ ಹೆಂಡತಿಯ ಕೈಯನ್ನು ತನ್ನ ಎರಡು ಕೈಯೊಳಗೆ ಇಟ್ಟುಕೊಂಡ. ಯಾವಾಗ ಹೋದಳು ಎಂದು ಕೇಳಿದ.

“ಭಾಳ ಹೊತ್ತಾತ್ರಿ ಅಣ್ಣಾರ,” ಎಂದಳು ಸಕೀನಾಬಿ. “ಕಡೀಕ ಒಂದೂವರಿ ತಾಸರ ಆತು. ನೀವು ಓಡಿ ಬಂದಿದ್ರೂ ಸಿಗತಿದ್ದಿಲ್ಲ.”

ಸುಭಾಷ ಹೆಂಡತಿಯ ಕೈ ಬಿಡದೆ ಕೂತ.

ದಿಂಡಿ ನಿಲ್ಲಲಿಲ್ಲ. ದಿಂಡಿ ಯಾರಿಗೂ ನಿಲ್ಲುವುದಿಲ್ಲ. ಮಣ್ಣಿಗೆ ಬಂದವರೆಲ್ಲ, ವಾರಿಯಲ್ಲಿ ಹೋದ ಜೀವ, ಮುತ್ತೈದೆ ಸಾವು, ಪುಣ್ಯವಂತೆ ಎಂದರು. ಜ್ಯೋತಿಲಕ್ಷ್ಮಿ ಎದ್ದು ನಿಂತು, ನಿಮ್ಮ ಮನೆಯ ಹೆಂಗಸರಿಗೂ ಅಂಥದೇ ಪುಣ್ಯ ಬರಲಿ ಎಂದುಬಿಟ್ಟಳು. ಆಮೇಲೆ ಯಾರೂ ಆ ಮಾತಾಡಲಿಲ್ಲ. ಅಪ್ಪನಿಗೆ ಅವಳು ಏನನ್ನೂ ಅನ್ನಲಿಲ್ಲ. ಅನ್ನದಿರುವುದೇ ಅವನಿಗೆ ನುಂಗಲಾರದ ತುತ್ತಾಯಿತು. ನಿರ್ಮಲಾ ಹದಿಮೂರನೆಯ ದಿನ ಬಂದು ಅವನ ಕಾಲು ಹಿಡಿದು ಅತ್ತಳು. ಅವಳನ್ನು ಎಬ್ಬಿಸಿ ಕೂರಿಸಿ, ನಿನ್ನದು ತಪ್ಪಿಲ್ಲ, ಆಕೆ ಹೇಳಿದ್ದನ್ನು ನೀನು ನಡೆಸಿದೆ ಎಂದ. ಅವನು ಆವತ್ತು ನಡಿಗೆಯಲ್ಲಿ ಆಡಿದ ಮಾತನ್ನು ನಿರ್ಮಲಾ ಅವನಿಗೆ ತಿರುಗಿ ಹೇಳಲು ಹೋದಾಗ ಮಾತ್ರ ಕೈ ಅಡ್ಡ ಹಿಡಿದು ಬೇಡ ಎಂದ. ಆ ಮಾತು ಸೇರಬೇಕಾದವಳಿಗೆ ಸೇರಲಿಲ್ಲ, ಇನ್ನು ಯಾರ ಬಾಯಲ್ಲೂ ಅದು ಇರುವುದು ಬೇಡವಾಗಿತ್ತು.

ಮಂಗಳವ್ವನಿಲ್ಲದ ಅಂಗಡಿ ಹಾಗೂ ಹೀಗೂ ನಡೆಯಿತು. ಹೊಲಿದ ಅಂಗಿಗಳಿಗೆ ಕಾಜಾ ಮಾಡಿಸಲು ಬೇರೆಯವರಿಗೆ ಕೊಡುತ್ತಿದ್ದ. ಮರುವರ್ಷ ಕಾರಹುಣ್ಣಿಮೆ ಆದ ಮೇಲೆ ಸೋಮಣ್ಣ ವೀಣೆಯನ್ನು ಒರೆಸಿ ತಂದು, ನೀನೇ ಹಿಡಿಯಬೇಕು, ಆಕೆಯ ಆತ್ಮಕ್ಕೂ ಅದೇ ಸಮಾಧಾನ ಎಂದ. ಸುಭಾಷ ವೀಣೆಗೆ ಕೈಮುಗಿದ, ಮುಟ್ಟಲಿಲ್ಲ. ವಾರಿಗೆ ಬರುತ್ತೇನೆ, ಆದರೆ ಎಲ್ಲರಿಗಿಂತ ಹಿಂದೆ, ಹೆಂಗಸರ ಸಾಲು ಮುಗಿದ ಮೇಲೆ ನಡೆಯುತ್ತೇನೆ ಎಂದ. ಗಂಡಸರು ಅಲ್ಲಿ ನಡೆಯುವ ಪದ್ಧತಿಯಿಲ್ಲ. ಆದರೂ ಸೋಮಣ್ಣ, ಆಗಲಿ ಎಂದ.

ಅಂದಿನಿಂದ ಅವನು ಹಾಗೇ ನಡೆದ. ತಾಳವಿಲ್ಲ, ಹಾಡಿಲ್ಲ; ಹೆಗಲಲ್ಲಿ ಎಣ್ಣೆ, ಬಟ್ಟೆಯ ಪಟ್ಟಿ, ಎರಡು ಬಿಸ್ಕೀಟಿನ ಪೊಟ್ಟಣ. ಮಳೆಯಲ್ಲಿ ಮುಂದೆ ಹೋಗುವ ಹಿಮ್ಮಡಿಗಳನ್ನೇ ನೋಡುತ್ತ ನಡೆಯುತ್ತಿದ್ದ. ಯಾವ ಹೆಂಗಸಿನ ಹೆಜ್ಜೆ ಸ್ವಲ್ಪ ಓರೆಯಾದರೂ ಸಾಲನ್ನು ನಿಲ್ಲಿಸುತ್ತಿದ್ದ. ದಿಂಡಿ ನಿಲ್ಲಬಾರದು ಎಂದು ಹಿರಿಯರು ಗೊಣಗಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹಾವೇರಿಯಲ್ಲಿ ಬಿಡಾರವಾದ ರಾತ್ರಿ ಮಗಳು ಬುತ್ತಿ ಕಳಿಸುತ್ತಿದ್ದಳು, ತಾನು ಬರುತ್ತಿರಲಿಲ್ಲ. ಮರುದಿನ ಸಕೀನಾಬಿಯ ಅಂಗಡಿಯ ಮುಂದೆ ಒಂದು ಗಳಿಗೆ ಕೂತು ಚಾ ಕುಡಿಯುತ್ತಿದ್ದ. ಇಬ್ಬರೂ ಮಳೆ ಬೆಳೆಯ ಮಾತಾಡುತ್ತಿದ್ದರು.

ಮೂರನೆಯ ವರ್ಷದ ಹೊತ್ತಿಗೆ ಸೇತುವೆ ಮುಗಿದಿತ್ತು, ಹೊಸ ರಸ್ತೆ ಮೇಲಿನಿಂದ ಹೋಗಿತ್ತು. ಇನ್ನು ಚಾಕ್ಕೆ ಕೆಳಗೆ ಇಳಿಯುವವರಿಲ್ಲ, ಈ ತಿಂಗಳಿಗೆ ತಗಡು ಬಿಚ್ಚಿಕೊಂಡು ತವರೂರಿಗೆ ಹೋಗುತ್ತೇನೆ ಎಂದಳು ಸಕೀನಾಬಿ. ಲೋಟ ತೊಳೆದವಳು ಮತ್ತೆ ಅದನ್ನೇ ತೊಳೆದಳು. ಇನ್ನು ಸಿಗುತ್ತೇವೋ ಇಲ್ಲವೋ, ಒಂದು ಮಾತು ಎದೆಯ ಮೇಲೆ ಕೂತಿದೆ ಎಂದಳು.

“ಅಣ್ಣಾರ, ಅವತ್ತ ನಾ ಸುಳ್ಳ ಹೇಳಿದೆರಿ. ಒಂದೂವರಿ ತಾಸು ಆಗಿದ್ದಿಲ್ಲ. ನೀವು ಬರೂದಕ್ಕಿಂತ ಮದ್ಲ ಒಂದ ಹತ್ತ ನಿಮಿಷ, ಅಷ್ಟ. ದಾರೀನ ನೋಡಾಕತ್ತಿದ್ರು.”

ಸುಭಾಷ ಉಳಿದ ಚಾ ಕುಡಿದ. ಲೋಟವನ್ನು ಕಟ್ಟೆಯ ಮೇಲೆ ಇಟ್ಟ. ರಸ್ತೆಯ ಮೇಲೆ ದಿಂಡಿಯ ಕೊನೆಯ ಸಾಲು ಮಳೆಯಲ್ಲಿ ಮುಂದೆ ಸಾಗುತ್ತಿತ್ತು.

“ಗೊತ್ತೈತಿ ತಂಗಿ,” ಎಂದ. “ಕೈ ಬೆಚ್ಚಗಿತ್ತು.”